ಎಂಟಂಕಿಯ ತಾರೀಕು

ಚಪ್ಪಲಿ ಎಲ್ಲಿ ಹೋಯಿತು?

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅವಳ ಇಡೀ ಚಿಂತೆ ಇಷ್ಟೇ ಆಗಿತ್ತು. ಬೆಳಿಗ್ಗೆ ಮೇಜಿನ ಕೆಳಗೆ ಕಳಚಿಟ್ಟ ಎಡಗಾಲಿನ ಚಪ್ಪಲಿ ಎಷ್ಟು ತಡಕಾಡಿದರೂ ಕಾಲಿಗೆ ಸಿಗುತ್ತಿರಲಿಲ್ಲ. ಬಗ್ಗಿ ಹುಡುಕೋಣವೆಂದರೆ ಎದುರಿಗೇ ಮ್ಯಾನೇಜರ್ ಕೂತಿದ್ದಾರೆ. 'ಏನು ಕಳ್ಕೊಂಡೆ?' ಎಂದು ಅವರು ಕೇಳಿದರೆ 'ಚಪ್ಪಲಿ' ಎನ್ನಬೇಕಾದೀತು. ಆ ಒಂದು ಮಾತನ್ನು ಬಾಯಿಂದ ಹೊರಡಿಸುವುದಕ್ಕಿಂತ ಸಂಜೆಯವರೆಗೆ ಒಂಟಿ ಚಪ್ಪಲಿಯಲ್ಲಿ ಕೂತಿರುವುದೇ ವಾಸಿ ಎಂದು ತನಗೆ ತಾನೇ ಒಪ್ಪಿಸಿಕೊಂಡಿದ್ದಳು.

ಆಗ ಕಟ್ಟಡದೊಳಗಿನ ಓಣಿಯ ಆ ತುದಿಯಿಂದ ಕೂಗು ಕೇಳಿಸಿತು.

ಉಗ್ರಾಣದವನ ದನಿ ಅದು. ಆರಡಿ ಆಳು. ಅವನು ಹಾಗೆ ಕಿರುಚಬಲ್ಲನೆಂದು ಅವಳಿಗೆ ಗೊತ್ತಿರಲಿಲ್ಲ. ಮ್ಯಾನೇಜರ್ ಎದ್ದು ಓಡಿದರು. ಅವಳೂ ಓಡಿದಳು. ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲು ಬರಿದು. ಬರಿಗಾಲಿಗೆ ನೆಲ ತಣ್ಣಗೆ ತಾಗುತ್ತಿತ್ತು. ಓಣಿಯ ಕೊನೆ ಹತ್ತಿರವಾದಂತೆ ಇನ್ನೂ ತಣ್ಣಗಾಯಿತು.

ಶೀತಕೋಣೆಯ ದಪ್ಪ ಬಾಗಿಲು ತೆರೆದಿತ್ತು. ಬಿಳಿ ಹಬೆ ಹೊರಕ್ಕೆ ಹರಿಯುತ್ತಿತ್ತು. ಹೊಸ್ತಿಲ ಒಳಗೆ, ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡು, ಕಚೇರಿಯವರೆಲ್ಲ ಅಜ್ಜ ಎನ್ನುತ್ತಿದ್ದ ಹಿರಿಯರು ಕೂತಿದ್ದರು. ಕಣ್ಣು ತೆರೆದಿತ್ತು. ಹುಬ್ಬಿನ ಮೇಲೆ ಹಿಮದ ಪುಡಿ. ಎಡಗೈ ಕೋಟಿನ ಜೇಬಿನಲ್ಲಿತ್ತು. ಬಲಗೈ ಮೇಲಕ್ಕೆ ಚಾಚಿ, ಗೋಡೆಯ ಮೇಲಿದ್ದ ಕೆಂಪು ಗುಂಡಿಯ ಹತ್ತಿರವೇ ಗಟ್ಟಿಯಾಗಿ ನಿಂತುಬಿಟ್ಟಿತ್ತು.

ಅದು ಗಂಟೆಯ ಗುಂಡಿ.

ಆ ಗುಂಡಿ ಒತ್ತಿದರೆ ಗಂಟೆ ಎಲ್ಲಿ ಹೊಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಕುರ್ಚಿಯ ಹಿಂದೆ, ತಲೆಗೆ ಒಂದು ಗೇಣು ಮೇಲೆ.

* * *

ಅವರೆಲ್ಲ ಕೂಡಿ ಮಾಡುತ್ತಿದ್ದ ಕೆಲಸ ಹೇಳಿಕೊಳ್ಳುವಂಥ ದೊಡ್ಡದಲ್ಲ. ಮಾಡಿ ಮುಗಿಸುವಂಥ ಸಣ್ಣದೂ ಅಲ್ಲ.

ಅದೊಂದು ಔಷಧಿಯ ಉಗ್ರಾಣ. ಲಸಿಕೆ, ಸೂಜಿಮದ್ದು, ರಕ್ತದಿಂದ ಮಾಡಿದ ಔಷಧಿ, ಯಾವುದು ಯಾವಾಗ ಬಂತು, ಯಾವುದರ ಅವಧಿ ಯಾವಾಗ ಮುಗಿಯುತ್ತದೆ, ಯಾರಿಗೆ ಯಾವ ಬಾಗಿಲು ತೆರೆಯುತ್ತದೆ, ಎಲ್ಲವನ್ನೂ ಒಂದೇ ಹಳೆಯ ಕಂಪ್ಯೂಟರ್ ಯಂತ್ರ ನೋಡಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅದರ ಪ್ರೋಗ್ರಾಂ ಬರೆದವರು ಅಜ್ಜ. ಆಗಿನ ಕಾಲಕ್ಕೆ ಯಂತ್ರದಲ್ಲಿ ಜಾಗ ಚಿನ್ನದಂಥದ್ದು. ಅದಕ್ಕೇ ತಾರೀಕಿಗೆ ಆರೇ ಅಂಕಿ ಕೊಟ್ಟರು. ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ಎರಡು. ಈಗ ತೊಂಬತ್ತೊಂಬತ್ತು ಮುಗಿಯುತ್ತ ಬಂತು. ಇನ್ನೆರಡು ತಿಂಗಳಿಗೆ ವರ್ಷ ಸೊನ್ನೆ ಸೊನ್ನೆ. ಯಂತ್ರ ತಾನು ನೂರು ವರ್ಷ ಹಿಂದಕ್ಕೆ ಹೋದೆನೆಂದು ತಿಳಿದುಬಿಡುತ್ತದೆ. ಆದ್ದರಿಂದ ಪ್ರತಿ ತಾರೀಕನ್ನೂ ಎಂಟಂಕಿಗೆ ಹಿಗ್ಗಿಸಬೇಕು. ಆರಂಕಿ ಹಾಕಿದವರನ್ನೇ ನಿವೃತ್ತಿಯಿಂದ ಕರೆಸಿಕೊಂಡರು.

'ನಾನು ಮಾಡಿದ ತಪ್ಪಿಗೆ ನಂಗೇ ಸಂಬಳ ಕೊಡ್ತಾರೆ ನೋಡು, ಇಲಿಮರಿ,' ಎಂದು ಅಜ್ಜ ಮೊದಲ ದಿನವೇ ನಕ್ಕಿದ್ದರು.

ಇಲಿಮರಿ ಎಂದರೆ ಅವಳೇ. ಪದವಿ ಮುಗಿಸಿ ಬಂದ ಮೊದಲ ಕೆಲಸ. ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ, ಸರಿಯಿದ್ದರೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕುವುದು. ಬಾಯಿ ಬೇಡದ ಕೆಲಸ. ಅವಳಿಗೆ ಹೇಳಿ ಮಾಡಿಸಿದ್ದು. ಅವಳು ಮಾತಾಡಿದರೆ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ದನಿ ಕೇಳುತ್ತಿರಲಿಲ್ಲ. ಕಿವಿ ಮಂದವಾಗಿದ್ದ ಅಜ್ಜನಿಗೆ ಮಾತ್ರ ಅದು ಹೇಗೋ ಅರ್ಥವಾಗುತ್ತಿತ್ತು. 'ಮುಖ ನೋಡಬೇಡ, ಅಂಕಿ ನೋಡು. ಅಂಕಿಗೆ ನಾಚಿಕೆ ಇಲ್ಲ,' ಎನ್ನುತ್ತಿದ್ದರು.

ಶನಿವಾರ ನಡೆದದ್ದು ತಾಲೀಮು. ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರದ ಗಡಿಯಾರವನ್ನು ಹೊಸ ಶತಮಾನದ ಮೊದಲ ದಿನಕ್ಕೆ ತಿರುಗಿಸಿ, ಏನೇನು ಕೆಡುತ್ತದೆ ನೋಡುವುದು. ಯಂತ್ರವಿದ್ದ ದೊಡ್ಡ ಹಾಲಿನಲ್ಲಿ ಮೂವರೇ. ಮ್ಯಾನೇಜರ್, ಅಜ್ಜ, ಅವಳು. ಹತ್ತು ಐವತ್ತಕ್ಕೆ ಅಜ್ಜ ಎದ್ದು ಹೋದರು. ಹನ್ನೊಂದಕ್ಕೆ ಮ್ಯಾನೇಜರ್ ಗಡಿಯಾರ ತಿರುಗಿಸಿದರು.

ತಾಲೀಮಿಗೆ ಒಂದು ನಿಯಮವಿತ್ತು. ಆ ಹೊತ್ತಿನಲ್ಲಿ ಯಾವ ಗಂಟೆ ಹೊಡೆದರೂ, ಯಾವ ದೀಪ ಹತ್ತಿದರೂ ಯಾರೂ ಏಳಕೂಡದು. ತಾರೀಕು ತಲೆಕೆಳಗಾದಾಗ ಯಂತ್ರಗಳು ಸುಮ್ಮಸುಮ್ಮನೆ ಅರಚಿಕೊಳ್ಳುತ್ತವೆ. ಹೊತ್ತು ಬರೆದುಕೊಳ್ಳಬೇಕು, ಅಷ್ಟೆ. ಹಾಗೆಯೇ ಆಯಿತು. ಹಾಜರಿ ಯಂತ್ರ ಅರಚಿತು. ಉಷ್ಣತೆಯ ದಾಖಲೆ ಯಂತ್ರ ಅರಚಿತು. ಅವಳು ಬರೆದುಕೊಂಡಳು.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ತಲೆಯ ಮೇಲಿನ ಗಂಟೆ ಹೊಡೆಯಿತು.

ಅದನ್ನೂ ಬರೆದುಕೊಂಡಳು.

* * *

ಪೊಲೀಸರು ಬಂದರು. ಅವರ ಮುಂದಾಳು ಐವತ್ತು ದಾಟಿದ ಹೆಂಗಸು. ನೆಗಡಿಯಾಗಿ ಮೂಗು ಕೆಂಪಗಿತ್ತು. ಕೈಯಲ್ಲಿ ಕರವಸ್ತ್ರ. ಎಲ್ಲರೂ ಇನ್ಸ್‌ಪೆಕ್ಟರಮ್ಮ ಎನ್ನುತ್ತಿದ್ದರು.

'ನಂಗೆ ಕಂಪ್ಯೂಟರ್ ಅಂದ್ರೆ ಟಿ.ವಿ. ಮುಂದೆ ಟೈಪ್‌ರೈಟರ್ ಇಟ್ಟ ಹಾಗೆ,' ಎಂದಳು. 'ದಡ್ಡರಿಗೆ ಹೇಳೋ ಹಾಗೆ ಹೇಳಿ. ಮುದುಕರು ಒಳಗೆ ಹೋದ್ರು. ಹೊರಗೆ ಯಾಕೆ ಬರ್ಲಿಲ್ಲ?'

ಮ್ಯಾನೇಜರ್ ಹಣೆ ಒತ್ತಿಕೊಂಡರು. ಮೃದು ಮಾತಿನ ಮನುಷ್ಯ. ಜೇಬಿನಲ್ಲಿ ಸದಾ ಪೆಪ್ಪರ್‌ಮಿಂಟು. ಕಿರಿಯರನ್ನೆಲ್ಲ 'ಮರಿ' ಎಂದೇ ಕರೆಯುವವರು.

'ಆ ಬಾಗಿಲಿಗೆ ಒಳಗೂ ಹೊರಗೂ ಕಾರ್ಡು ಬೇಕು, ಮೇಡಂ. ಹಿಂದೆ ಕಳ್ಳತನ ಆಗಿತ್ತು, ಅದಕ್ಕೆ. ಕಾಯಂ ನೌಕರರ ಕಾರ್ಡಿಗೆ ಕೊನೇ ತಾರೀಕು ಇರಲ್ಲ, ಅಜ್ಜನಿಗೂ ಅವರ ಹಳೇ ಕಾಯಂ ಕಾರ್ಡನ್ನೇ ಕೊಟ್ಟಿದ್ವಿ. ತಾರೀಕಿನ ಜಾಗದಲ್ಲಿ ಎಲ್ಲ ಒಂಬತ್ತು ಹಾಕಿರ್ತೀವಿ. ಒಂಬತ್ತೇ ಒಂಬತ್ತು ಅಂದ್ರೆ ಯಾವತ್ತೂ ಮುಗಿಯಲ್ಲ ಅಂತ. ಈಗ ಹಿಗ್ಗಿಸೋವಾಗ ಪ್ರೋಗ್ರಾಂ ಅದನ್ನ ನಿಜವಾದ ತೊಂಬತ್ತೊಂಬತ್ತು ಅಂದ್ಕೊಂಡಿದೆ. ಗಡಿಯಾರ ತಿರುಗಿಸಿದ ತಕ್ಷಣ ಕಾರ್ಡು ಸತ್ತಿದೆ.' ಸ್ವಲ್ಪ ನಿಲ್ಲಿಸಿದರು. 'ತಾಲೀಮಿಗೆ ಮುಂಚೆ ಬಾಗಿಲಿಗೂ ಯಂತ್ರಕ್ಕೂ ಇರೋ ತಂತಿ ಬಿಡಿಸಿಡ್ಬೇಕಿತ್ತು. ಮರೆತೆ. ಅದು ನನ್ನ ತಪ್ಪು, ಮುಚ್ಚಿಡಲ್ಲ. ಆದ್ರೆ ಪ್ರೋಗ್ರಾಂ ಅವರದ್ದೇ. ಅವರು ಬರೆದದ್ದೇ ಅವರನ್ನ ತಿಂತು.'

'ಒಳಗೆ ಗಂಟೆಯ ಗುಂಡಿ ಇದೆ.'

'ತಾಲೀಮಿನ ದಿನ ಗಂಟೆ ಆಫ್ ಇರುತ್ತೆ. ಬೆಳಿಗ್ಗೇನೇ ಆಫ್ ಮಾಡಿದ್ದೆ.'

ಇಲಿಮರಿಯ ಕೈಯಲ್ಲಿದ್ದ ಪೆನ್ಸಿಲು ನೆಲಕ್ಕೆ ಬಿತ್ತು. ಯಾರೂ ಗಮನಿಸಲಿಲ್ಲ. ಮ್ಯಾನೇಜರ್ ಒಬ್ಬರು ಗಮನಿಸಿದರು.

ಪೊಲೀಸರು ಉಗ್ರಾಣದವನನ್ನು ಕೇಳಿದರು. ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡುತ್ತಾನೆಂದು ಅಜ್ಜ ಹೋದ ತಿಂಗಳು ದೂರು ಬರೆದಿದ್ದರು. ಆವತ್ತು ಎಲ್ಲರೆದುರು ಜಗಳವಾಗಿತ್ತು.

'ಬೈದಿದ್ದು ನಿಜ,' ಎಂದ ಅವನು. 'ನಾನು ಬೈದೋರೆಲ್ಲ ಸಾಯೋ ಹಾಗಿದ್ರೆ ನಮ್ಮ ಮಾವ ಯಾವತ್ತೋ ಹೋಗ್ಬೇಕಿತ್ತು. ಎರಡು ಗಂಟೆಗೆ ಡಬ್ಬಿ ತೆಗೆಯೋಕೆ ಬಂದೆ. ಕಾರ್ಡು ಉಜ್ಜಿದೆ. ಬಾಗಿಲು ತೆರೀತು. ಅಜ್ಜ ನನ್ನ ಕಾಲ ಹತ್ರಾನೇ ಕೂತಿದ್ರು.'

ಕಾರ್ಡು ಕೊಡುವ ಕೋಣೆಯ ಹೆಂಗಸನ್ನೂ ಕೇಳಿದರು. ಎಲ್ಲರಿಗೂ ಅವಳು ಕಾರ್ಡಕ್ಕ. ಹೊಸ ವ್ಯವಸ್ಥೆ ಬಂದರೆ ಅವಳ ಕೆಲಸ ಹೋಗುತ್ತದೆ, ಅಜ್ಜನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಯಾರೋ ಹೇಳಿದ್ದರು.

'ಕಾರ್ಡಿನ ತಾರೀಕು ಬದಲಾಯಿಸೋ ಕೆಲಸ ನಿಮ್ಮದೇ ತಾನೇ?'

'ನನ್ನದೇ. ಹಾಗಂತ ಕೊಂದೆ ಅಂತೀರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.' ಸೆರಗಿನಿಂದ ಮುಖ ಒರೆಸಿಕೊಂಡಳು.

ಸಂಜೆ ಇಲಿಮರಿ ಹೊರಡುವಾಗ ಮ್ಯಾನೇಜರ್ ಮೆಟ್ಟಿಲ ಹತ್ತಿರ ಕಾದಿದ್ದರು. ಅವಳ ಕೈಗೊಂದು ಪೆಪ್ಪರ್‌ಮಿಂಟು ಇಟ್ಟರು.

'ಮರಿ, ತಾಲೀಮಿನ ದಾಖಲೆ ಹಾಳೆ ಕೊಳೆಯಾಗಿತ್ತು. ನಾನೇ ಚೊಕ್ಕವಾಗಿ ಪ್ರತಿ ಮಾಡಿದೀನಿ. ಹಳೇದು ಹರಿದುಹಾಕಿದೆ.' ದನಿ ಇನ್ನೂ ಮೆಲ್ಲಗಾಯಿತು. 'ಗಂಟೆ ವಿಷಯ ಅದರಲ್ಲಿಲ್ಲ. ನಿನ್ನ ಒಳ್ಳೇದಕ್ಕೇ ತೆಗೆದೆ. ಯೋಚನೆ ಮಾಡು. ನಿನ್ನ ತಲೆ ಮೇಲೇ ಹೊಡೀತಿತ್ತು. ನೀನು ಬರ್ಕೊಂಡು ಕೂತಿದ್ದೆ. ಮುದುಕರು ಒಳಗೆ ಸಾಯ್ತಿದ್ರು. ಜನ ಯಾರನ್ನ ಕೊಲೆಗಾತಿ ಅಂತಾರೆ?'

ಅವಳು ಪೆಪ್ಪರ್‌ಮಿಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಯವರೆಗೂ ನಡೆದಳು. ಬಿಚ್ಚಿ ನೋಡಿದರೆ ಕರಗಿ ಅಂಗೈಗೆ ಅಂಟಿತ್ತು.

* * *

ಭಾನುವಾರ ಅವಳು ಉಣ್ಣಲಿಲ್ಲ.

'ಮೈ ಬೆಚ್ಚಗೇನೂ ಇಲ್ಲ,' ಎಂದಳು ಅಮ್ಮ ಹಣೆ ಮುಟ್ಟಿ.

'ಬಾಯಿ ಬಿಟ್ಟು ಹೇಳೇ,' ಎಂದಳು ಅಕ್ಕ ಇಸ್ತ್ರಿ ಮಾಡುತ್ತ. 'ನಿನ್ನ ಬಾಯೇನು ಬಾಡಿಗೆಗೆ ತಂದಿದ್ದಾ, ಜಾಸ್ತಿ ಬಳಸಿದ್ರೆ ದಂಡ ಕಟ್ಟೋಕೆ?'

ಅವಳು ನಗಲಿಲ್ಲ. ಒಳಗೆ ಹೋಗಿ ಚೀಲದಿಂದ ತನ್ನ ಪುಟ್ಟ ಪುಸ್ತಕ ತೆಗೆದಳು.

ಕಚೇರಿಯ ಹಾಳೆಯಲ್ಲಿ ಬರೆಯುವ ಮುಂಚೆ ಎಲ್ಲವನ್ನೂ ಒಮ್ಮೆ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವಳ ರೂಢಿ. ತಪ್ಪಾಗಿ ಹೊಡೆದುಹಾಕಿದರೆ ಯಾರಾದರೂ ನೋಡುತ್ತಾರೆಂಬ ಹೆದರಿಕೆ. ಗಂಟೆ ಹೊಡೆದ ಹೊತ್ತುಗಳ ಪುಟ ಅಲ್ಲೇ ಇತ್ತು. ಹನ್ನೊಂದು ಎಂಟು. ಹನ್ನೊಂದು ಹನ್ನೊಂದು. ಹದಿನೈದು. ಇಪ್ಪತ್ತೆರಡು. ಮೂವತ್ತು. ನಲವತ್ತೊಂದು. ಕೊನೆಯದರ ಮುಂದೆ 'ಉದ್ದ' ಎಂದು ಬರೆದಿದ್ದಳು.

ನಾಲ್ಕನೆಯ ಸಲ ಹೊಡೆದಾಗ ಅವಳು ಅರ್ಧ ಎದ್ದಿದ್ದಳು. ಅದು ನಿಜ. ಕಾಲಿನಿಂದ ಮೇಜಿನ ಕೆಳಗೆ ತಡಕಾಡಿದಳು. ಚಪ್ಪಲಿ ಸಿಗಲಿಲ್ಲ. ಮ್ಯಾನೇಜರ್ ತಲೆಯೆತ್ತಿ, 'ಅದೂ ತಾಲೀಮಿನ ಗಲಾಟೇನೇ, ಬರ್ಕೋ ಅಷ್ಟೆ,' ಎಂದರು. 'ಅಜ್ಜ ಎಲ್ಲಿ?' ಎಂದು ಅವಳು ತುಟಿಯಲ್ಲೇ ಕೇಳಿದಳು. 'ಚಹಾಕ್ಕೆ ಹೋಗಿರ್ಬೇಕು.' ಬರಿಗಾಲಿನಲ್ಲಿ ಓಣಿ ದಾಟಿ ಹೋಗಿ, ಏನೂ ಇಲ್ಲದೆ ಮರಳಿ ಬಂದರೆ ನಗುತ್ತಾರೆ. ಕೂತಳು. ಆರನೆಯ ಸಲ ಉದ್ದವಾಗಿ ಹೊಡೆದು ನಿಂತ ಮೇಲೆ ಮ್ಯಾನೇಜರ್ ಎದ್ದು ಬಂದು, ಅವಳ ತಲೆಯ ಮೇಲೆ ಕೈ ಚಾಚಿ, ಗಂಟೆಯ ಸ್ವಿಚ್ಚು ಆರಿಸಿದರು. 'ತಲೆ ಚಿಟ್ಟು ಹಿಡೀತು,' ಎಂದರು.

ಪುಟ ಹರಿದುಹಾಕಿದರೆ ಮುಗಿಯಿತು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆ. ಅವಳ ಕೈ ಪುಟದ ತುದಿ ಹಿಡಿಯಿತು.

ಹಿಡಿದಾಗ ಅಜ್ಜನ ಮಾತು ನೆನಪಾಯಿತು. ಮುಖ ಬಿಟ್ಟು ಅಂಕಿ ನೋಡು.

ಬಾಗಿಲು ಉಗ್ರಾಣದವನಿಗೆ ತೆರೆಯಿತು. ಎರಡು ಗಂಟೆಗೆ. ಆಗ ಯಂತ್ರದ ಗಡಿಯಾರ ಇನ್ನೂ ಮುಂದಕ್ಕೇ ಇತ್ತು. ಮೂರಕ್ಕೆ ತಾಲೀಮು ಮುಗಿಯಬೇಕಿತ್ತು. ಉಗ್ರಾಣದವನೂ ಕಾಯಂ ನೌಕರ. ಅವನ ಕಾರ್ಡಿಗೂ ಎಲ್ಲ ಒಂಬತ್ತೇ. ಅದೇ ಪ್ರೋಗ್ರಾಂ ಹಿಗ್ಗಿಸಿದ್ದು, ಅದೇ ಶುಕ್ರವಾರ. ಪ್ರೋಗ್ರಾಂ ಅಜ್ಜನ ಕಾರ್ಡನ್ನು ತಿಂದಿದ್ದರೆ ಅವನದನ್ನೂ ತಿನ್ನಬೇಕಿತ್ತು.

ಅವಳು ಪುಟದ ತುದಿ ಬಿಟ್ಟಳು.

* * *

ಸೋಮವಾರ ಎಂಟು ಗಂಟೆಗೇ ಅವಳು ಕಡತದ ಕೋಣೆಯಲ್ಲಿದ್ದಳು. ಶುಕ್ರವಾರ ಮಧ್ಯಾಹ್ನದ ಪಟ್ಟಿ ಸಿಕ್ಕಿತು. ಹಿಗ್ಗಿಸಿದ ನಂತರ ತೆಗೆದದ್ದು. ಅಜ್ಜನ ಸಾಲಿನಲ್ಲಿ ಎಂಟು ಒಂಬತ್ತು. ಪಕ್ಕದಲ್ಲಿ ಅವಳದೇ ಪೆನ್ಸಿಲ್ ಗುರುತು. ಪ್ರೋಗ್ರಾಂ ತಪ್ಪು ಮಾಡಿರಲೇ ಇಲ್ಲ.

ಯಂತ್ರದಿಂದ ಹೊಸದೊಂದು ಪಟ್ಟಿ ತೆಗೆದಳು. ಎಲ್ಲರದೂ ಎಂಟು ಒಂಬತ್ತು. ಅಜ್ಜನದು ಮಾತ್ರ ೩೧ ೧೨ ೧೯೯೯.

ಅವಳು ಆ ಸಾಲನ್ನು ಬೆರಳಿನಿಂದ ಮುಚ್ಚಿದಳು. ತೆಗೆದಳು. ಅಂಕಿ ಅಲ್ಲೇ ಇತ್ತು. ಶುಕ್ರವಾರ ಮಧ್ಯಾಹ್ನಕ್ಕೂ ಶನಿವಾರ ಬೆಳಿಗ್ಗೆಗೂ ನಡುವೆ ಯಾರೋ ಕೈಯಿಂದ ಹಾಕಿದ ತಾರೀಕು. ಗಡಿಯಾರ ಹೊಸ ವರ್ಷಕ್ಕೆ ತಿರುಗುವವರೆಗೂ ಕಾರ್ಡು ಬದುಕಿರುತ್ತದೆ. ಒಳಗೆ ಹೋಗಬಹುದು. ತಿರುಗಿದ ಮರುಕ್ಷಣ ಸಾಯುತ್ತದೆ.

'ಬೇಗ ಬಂದಿದೀಯ, ಮರಿ.'

ಮ್ಯಾನೇಜರ್ ಬಾಗಿಲಿನಲ್ಲಿ ನಿಂತಿದ್ದರು. ಒಳಗೆ ಬಂದು ಬೆನ್ನಿನಿಂದ ಬಾಗಿಲು ಮುಚ್ಚಿದರು. ಕಪಾಟುಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಅವರ ಬಾಯಿಯ ಪೆಪ್ಪರ್‌ಮಿಂಟಿನ ವಾಸನೆ ಅವಳ ಮುಖಕ್ಕೆ ಬಡಿಯಿತು.

'ಏನು ಓದ್ತಿದೀಯ?'

ತುಟಿ ಅಲ್ಲಾಡಿತು. ದನಿ ಬರಲಿಲ್ಲ.

'ನೀನು ಒಳ್ಳೆ ಹುಡುಗಿ. ಮನೇಲಿ ಅಮ್ಮ, ಮದುವೆ ಆಗ್ಬೇಕಿರೋ ಅಕ್ಕ. ಪೇಪರಿನಲ್ಲಿ ನಿನ್ನ ಫೋಟೋ ಬಂದ್ರೆ ಅವರ ಗತಿ ಏನು?' ಅವಳ ಕೈಯಿಂದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ಮಡಿಸಿ ಜೇಬಿಗೆ ಹಾಕಿದರು. 'ಮಾತಾಡದೇ ಇರೋದು ನಿಂಗೆ ರೂಢಿ ಇದೆ. ಅದೇ ರೂಢಿ ಇಟ್ಕೋ.'

ಅವರು ಹೋದ ಮೇಲೆ ಅವಳು ಕಪಾಟು ಹಿಡಿದು ನಿಂತಳು. ಆ ಬಾಗಿಲೂ ತೆರೆಯದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಹಿಡಿಕೆ ತಿರುವಿದಳು. ತೆರೆಯಿತು.

ಹೊರಗೆ ಕಾರ್ಡಕ್ಕನ ಅಳು ಕೇಳುತ್ತಿತ್ತು. ಅವಳನ್ನು ಠಾಣೆಗೆ ಕರೆದೊಯ್ಯಲು ಬಂದಿದ್ದರು. ಕಾರ್ಡಿನ ತಾರೀಕನ್ನು ಕೈಯಿಂದ ಬದಲಾಯಿಸಿರಬಹುದೆಂದು ಇನ್ಸ್‌ಪೆಕ್ಟರಮ್ಮನಿಗೂ ಹೊಳೆದಿತ್ತು. ಬದಲಾಯಿಸುವ ಕೆಲಸ ಕಾರ್ಡಕ್ಕನದೇ ಎಂದು ಅವಳೇ ಒಪ್ಪಿದ್ದಳು.

ಇಲಿಮರಿ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಳು. ಇನ್ಸ್‌ಪೆಕ್ಟರಮ್ಮನ ಮುಂದೆ ಹೋಗಿ ಚೀಟಿ ಚಾಚಿದಳು. ಇನ್ಸ್‌ಪೆಕ್ಟರಮ್ಮ ಮೊದಲು ಅವಳ ಕೈ ಹಿಡಿದು, ಆಮೇಲೆ ಚೀಟಿ ಓದಿದಳು.

'ಬಾ ತಂಗಿ. ತೋರಿಸು.'

ಕಾರ್ಡಕ್ಕನ ಕೋಣೆಯ ಪರದೆಯ ಮುಂದೆ ನಿಂತರು. ಇಲಿಮರಿ ತಾರೀಕಿನ ಜಾಗ ತೋರಿಸಿದಳು. ಆರು ಚೌಕ. ಒಂದೊಂದಾಗಿ ಅಂಕಿ ಒತ್ತಿದಳು. ಏಳನೆಯದು ಒತ್ತಿದಾಗ ಯಂತ್ರ ಕೀಚ್ ಎಂದಿತು. ತೆಗೆದುಕೊಳ್ಳಲಿಲ್ಲ.

'ಇದರಲ್ಲಿ ಎಂಟಂಕಿ ಹಾಕೋಕೇ ಆಗಲ್ವಾ?' ಎಂದಳು ಇನ್ಸ್‌ಪೆಕ್ಟರಮ್ಮ.

ಅಳು ನಿಲ್ಲಿಸಿ ಕಾರ್ಡಕ್ಕ ಮೂಗೊರೆಸಿಕೊಂಡಳು. 'ಎಲ್ಲಿಂದ ಆಗ್ಬೇಕು? ನನ್ನ ಪರದೆ ಮುಂದಿನ ವಾರ ಹಿಗ್ಗಿಸ್ತೀವಿ ಅಂದಿದ್ರು. ಶುಕ್ರವಾರದಿಂದ ಕೈಕಟ್ಟಿ ಕೂತಿದೀನಿ. ಒಂದು ತಾರೀಕೂ ಬದಲಾಯಿಸೋಕಾಗಿಲ್ಲ. ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು?'

'ಎಂಟಂಕಿಯ ಪರದೆ ಇಡೀ ಕಟ್ಟಡದಲ್ಲಿ ಎಲ್ಲಿದೆ, ತಂಗಿ?'

ಇಲಿಮರಿ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಒಂದೇ. ಹಾಲಿನಲ್ಲಿ. ಮ್ಯಾನೇಜರರ ಮೇಜಿನ ಮೇಲೆ.

ಇನ್ಸ್‌ಪೆಕ್ಟರಮ್ಮ ಚೀಟಿಯನ್ನು ಇನ್ನೊಮ್ಮೆ ಓದಿದಳು.

'ನೀನು ಬರೆದದ್ದೆಲ್ಲ ಸರಿ ಇದೆ. ಬರೀದೇ ಇರೋದು ಒಂದಿದೆ, ಅಲ್ವಾ?'

ಅವಳು ನೆಲ ನೋಡಿದಳು. ಪುಸ್ತಕ ಚೀಲದಲ್ಲಿತ್ತು. ಆ ಪುಟ ತೋರಿಸಿದರೆ ಮ್ಯಾನೇಜರ್ ಸಿಕ್ಕಿಬೀಳುತ್ತಾರೆ. ಅವರ ಜೊತೆಗೆ ಅವಳೂ. ಅಮ್ಮ, ಅಕ್ಕ, ಬೀದಿಯ ಜನ, ಎಲ್ಲರ ಕಣ್ಣಿಗೂ ಅವಳು ಗಂಟೆ ಕೇಳಿಯೂ ಕೂತಿದ್ದವಳು.

* * *

ಹನ್ನೊಂದು ಗಂಟೆಗೆ ಎಲ್ಲರನ್ನೂ ಹಾಲಿಗೆ ಕರೆದರು. ಅಜ್ಜನ ಹೆಂಡತಿಯೂ ಬಂದಿದ್ದರು. ಗಂಡನ ಕನ್ನಡಕ, ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದವರು. ಸಣ್ಣ ದೇಹ. ಮ್ಯಾನೇಜರ್ ತಾವೇ ಅವರಿಗೆ ಕುರ್ಚಿ ಹಾಕಿದರು, ನೀರು ಕೊಟ್ಟರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕೂತರು.

ಇನ್ಸ್‌ಪೆಕ್ಟರಮ್ಮ ಜೇಬಿನಿಂದ ಒಂದು ಕಾಗದ ತೆಗೆದಳು. ಒದ್ದೆಯಾಗಿ ಒಣಗಿ ಮುದುಡಿದ್ದು.

'ತೀರಿಕೊಂಡವರ ಕೋಟಿನ ಜೇಬಿನಲ್ಲಿತ್ತು. ನೀಟಾಗಿ ಬಿಡಿಸೋಕೆ ಎರಡು ದಿನ ಹಿಡೀತು. ಒಂದು ಲಸಿಕೆಯ ಲಾಟಿನ, ಅಂದ್ರೆ ಒಟ್ಟಿಗೆ ಬಂದ ಕಂತಿನ ನಂಬರು. ಕೆಳಗೆ ಪೆನ್ಸಿಲಿನಲ್ಲಿ, "ಡಬ್ಬಿ ಮೇಲೆ ೧೯೯೯ ಮಾರ್ಚಿ, ಯಂತ್ರದಲ್ಲಿ ೨೦೦೦ ಮಾರ್ಚಿ." ಬೆಳಿಗ್ಗೆ ಉಗ್ರಾಣದವರು ಶೀತಕೋಣೆಯ ಹಿಂದಿನ ಗೋಡೆ ಹತ್ತಿರದ ಆ ಡಬ್ಬಿಗಳನ್ನ ತೋರಿಸಿದ್ರು. ಹನ್ನೆರಡು ಸಾವಿರ ಸೀಸೆ. ಅವಧಿ ಮುಗಿದು ಏಳು ತಿಂಗಳು. ಈ ವಾರ ಶಾಲೆಗಳಿಗೆ ಹೋಗ್ಬೇಕಿದ್ದ ಪಟ್ಟಿಯಲ್ಲಿದೆ.'

ಉಗ್ರಾಣದವನು ಗೊಣಗಿದ. 'ಸುಡ್ಬೇಕಾದ ಮಾಲು. ಯಂತ್ರ ಸರಿ ಅಂತಿತ್ತು. ನಾನು ಯಂತ್ರ ನಂಬಿದೆ.'

'ತಾರೀಕಿನ ದೋಷ,' ಎಂದರು ಮ್ಯಾನೇಜರ್. 'ಹಿಗ್ಗಿಸೋವಾಗ ಇಂಥವು ಆಗ್ತವೆ.'

'ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಪ್ರೋಗ್ರಾಂ ಏನು ಮಾಡುತ್ತೆ ಅಂತ ಈ ಹುಡುಗಿ ನಂಗೆ ಬರೆದು ತೋರಿಸಿದಾಳೆ. ಇದ್ದ ವರ್ಷದ ಮುಂದೆ ಎರಡಂಕಿ ಸೇರಿಸುತ್ತೆ. ಹತ್ತೊಂಬತ್ತು ಇಲ್ಲಾ ಇಪ್ಪತ್ತು. ಎಲ್ಲ ಒಂಬತ್ತಿದ್ರೆ ಇನ್ನೆರಡು ಒಂಬತ್ತು. ಅಷ್ಟೇ. ಇದ್ದ ಅಂಕಿ ಮುಟ್ಟಲ್ಲ. ತೊಂಬತ್ತೊಂಬತ್ತನ್ನ ಸೊನ್ನೆ ಸೊನ್ನೆ ಮಾಡೋ ಬುದ್ಧಿ ಅದಕ್ಕಿಲ್ಲ. ಎಲ್ಲ ಒಂಬತ್ತನ್ನ ಡಿಸೆಂಬರ್ ಮೂವತ್ತೊಂದು ಮಾಡೋ ಬುದ್ಧಿಯೂ ಇಲ್ಲ. ಎರಡೂ ಮನುಷ್ಯರ ಕೈಕೆಲಸ. ಎರಡೂ ಎಂಟಂಕಿ. ಎಂಟಂಕಿ ಹಾಕೋಕಾಗೋದು ಈ ಒಂದು ಪರದೆಯಲ್ಲಿ.' ಮ್ಯಾನೇಜರರ ಮೇಜಿನ ಮೇಲೆ ಬೆರಳಿನಿಂದ ತಟ್ಟಿದಳು. 'ಇದರ ಗುಪ್ತಪದ ಇಬ್ಬರಿಗೇ ಗೊತ್ತು. ಒಬ್ಬರು ತೀರಿಕೊಂಡ್ರು.'

ಕಾರ್ಡಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

'ಮಾಲು ಕಳಿಸೋದು ನಿಮ್ಮ ಜವಾಬ್ದಾರಿ,' ಎಂದಳು ಇನ್ಸ್‌ಪೆಕ್ಟರಮ್ಮ. 'ಆ ಲಾಟನ್ನ ನೀವು ಹೊತ್ತಿಗೆ ಕಳಿಸಲಿಲ್ಲ. ಹಿಂಗೋಡೆ ಹತ್ತಿರ ಮರೆತುಬಿಟ್ರಿ. ಸುಟ್ರೆ ಯಾಕೆ ಅಂತ ಮೇಲಿನವರು ಕೇಳ್ತಾರೆ. ಇಡೀ ವರ್ಷ ಏನು ಕೆಟ್ರೂ ತಾರೀಕಿನ ದೋಷ ಅಂತಿದಾರಲ್ಲ, ಇದೂ ಅದರೊಳಗೆ ಹೋಗಲಿ ಅಂದ್ಕೊಂಡ್ರಿ. ಶುಕ್ರವಾರ ತೀರಿಕೊಂಡವರಿಗೆ ಅದು ಗೊತ್ತಾಯ್ತು. ಪಾಪ, ನಿಮ್ಮನ್ನೇ ಕೇಳಿರ್ಬೇಕು. ನಾಳೆ ಡಬ್ಬಿ ನೋಡಿ ಬರ್ತೀನಿ ಅಂದಿರ್ಬೇಕು. ರಾತ್ರೀನೇ ನೀವು ಅವರ ಕಾರ್ಡಿನ ತಾರೀಕು ಬದಲಾಯಿಸಿದ್ರಿ.'

ಮ್ಯಾನೇಜರ್ ಬೆವರಲಿಲ್ಲ. ನಿಧಾನವಾಗಿ ಪೆಪ್ಪರ್‌ಮಿಂಟಿನ ಕಾಗದ ಬಿಡಿಸಿದರು.

'ಮೇಡಂ, ನೀವೇ ಹೇಳಿದ್ರಿ, ಗುಪ್ತಪದ ಇಬ್ಬರಿಗೆ ಗೊತ್ತು ಅಂತ. ತಾಲೀಮು ಅಂದ್ರೆ ಬೇಕಂತಲೇ ಸುಳ್ಳು ತಾರೀಕು ಹಾಕಿ ನೋಡೋದು. ಒಂದು ಲಾಟು, ಒಂದು ಕಾರ್ಡು. ಮಾದರಿಗೆ ಅಂತ ತಮ್ಮ ಕಾರ್ಡೇ ತಗೊಂಡಿರ್ತಾರೆ. ಹಾಕಿದ್ದನ್ನ ಮರೆತು ಒಳಗೆ ಹೋದ್ರು. ವಯಸ್ಸು ಎಪ್ಪತ್ತು. ಚೀಟಿ ಬರೆದಿದ್ದೂ ಆ ಮರೆವಿಗೇ ಇರ್ಬಹುದು.' ಅಜ್ಜನ ಹೆಂಡತಿಯ ಕಡೆ ತಿರುಗಿದರು. 'ಇತ್ತೀಚೆಗೆ ಮರೀತಿದ್ರು, ಅಲ್ವಾ ಅಮ್ಮಾ?'

ಆಕೆ ಊಟದ ಡಬ್ಬಿಯ ಮುಚ್ಚಳವನ್ನು ಸವರುತ್ತಿದ್ದರು.

ಇನ್ಸ್‌ಪೆಕ್ಟರಮ್ಮ ಮೂಗೊರೆಸಿಕೊಂಡಳು. ಮೊದಲ ಬಾರಿಗೆ ಅವಳ ದನಿಯಲ್ಲಿ ಆಯಾಸವಿತ್ತು.

'ಆ ಮಾತು ಸುಳ್ಳು ಅಂತ ತೋರಿಸೋಕೆ ನನ್ನ ಹತ್ರ ಒಂದೇ ದಾರಿ ಇದೆ. ಗಂಟೆ. ಬೆಳಿಗ್ಗೆಯೇ ಆಫ್ ಆಗಿತ್ತು ಅನ್ನೋದು ನಿಜ ಆದ್ರೆ ಇದು ಮರೆವು. ಗಂಟೆ ಹೊಡೆದಿದ್ರೆ, ಅದನ್ನ ಕೇಳಿದ ಮೇಲೂ ಯಾರೋ ಕೈಯಾರೆ ಆರಿಸಿದ್ರೆ, ಅದು ಕೊಲೆ.'

'ದಾಖಲೆಯಲ್ಲಿ ಗಂಟೆ ಇಲ್ಲ,' ಎಂದರು ಮ್ಯಾನೇಜರ್. ಅವರು ಇನ್ಸ್‌ಪೆಕ್ಟರಮ್ಮನನ್ನು ನೋಡುತ್ತಿರಲಿಲ್ಲ. ಇಲಿಮರಿಯನ್ನು ನೋಡುತ್ತಿದ್ದರು. ಪ್ರೀತಿಯಿಂದ ನೋಡುವಂತೆಯೇ ನೋಡುತ್ತಿದ್ದರು. ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು.

ಆಗ ಅಜ್ಜನ ಹೆಂಡತಿ ತಲೆಯೆತ್ತಿದರು. ಯಾರನ್ನೆಂದು ಗೊತ್ತಾಗದೆ ಎಲ್ಲರನ್ನೂ ಒಂದು ಸುತ್ತು ನೋಡಿದರು.

'ಅಷ್ಟು ಹೊತ್ತು ಒಳಗಿದ್ರು,' ಎಂದರು. 'ಅವರು ಯಾರನ್ನೂ ಕರೀಲೇ ಇಲ್ವಾ?'

ಇಲಿಮರಿ ಚೀಲಕ್ಕೆ ಕೈ ಹಾಕಿದಳು. ಪುಸ್ತಕ ತೆರೆದಳು. ಓದಲು ಹೊರಟರೆ ಮೊದಲು ಬರಿಯ ಉಸಿರು ಬಂತು.

'ಹನ್ನೊಂದು ಎಂಟು,' ಎಂದಳು. 'ಹನ್ನೊಂದು ಹನ್ನೊಂದು. ಹದಿನೈದು.'

'ಮರಿ,' ಎಂದರು ಮ್ಯಾನೇಜರ್. 'ಮರಿ, ಯೋಚನೆ ಮಾಡು.'

'ಇಪ್ಪತ್ತೆರಡು. ಮೂವತ್ತು. ನಲವತ್ತೊಂದಕ್ಕೆ ಉದ್ದವಾಗಿ. ಆಮೇಲೆ ಇವರು ಸ್ವಿಚ್ಚು ಆರಿಸಿದ್ರು.'

ಇನ್ಸ್‌ಪೆಕ್ಟರಮ್ಮ ಕಣ್ಸನ್ನೆ ಮಾಡಿದಳು. ಪೊಲೀಸನೊಬ್ಬ ಬಾಗಿಲಿಗೆ ಅಡ್ಡ ನಿಂತ. ಮ್ಯಾನೇಜರ್ ಏಳಲು ಹೋಗಿ, ಏಳದೆ, ಕೈಯಲ್ಲಿದ್ದ ಪೆಪ್ಪರ್‌ಮಿಂಟನ್ನು ಮೇಜಿನ ಮೇಲೆ ಇಟ್ಟರು. ಅದು ಉರುಳಿ ಕೆಳಗೆ ಬಿತ್ತು. ಉಗ್ರಾಣದವನು ಅವರ ಹೆಗಲ ಮೇಲೆ ತನ್ನ ದೊಡ್ಡ ಕೈ ಇಟ್ಟ. ಅವರು ಅದನ್ನು ಕೊಡವಲಿಲ್ಲ.

'ಹೇಳ್ಬೇಡ, ಮರಿ, ಎಲ್ಲರೂ ನಿನ್ನನ್ನೇ...' ಎಂದು ಏನೋ ಶುರು ಮಾಡಿದರು. ಮುಗಿಸಲಿಲ್ಲ.

ಅವಳಿಗೆ ಅದು ಕೇಳಿಸಿದಂತಿರಲಿಲ್ಲ. ಪುಸ್ತಕ ಮುಚ್ಚಿದ್ದಳು. ಹಾಲನ್ನು ದಾಟಿ ಹೋಗಿ ಅಜ್ಜನ ಹೆಂಡತಿಯ ಕುರ್ಚಿಯ ಮುಂದೆ ನಿಂತಿದ್ದಳು. ಆ ಮುದುಕಿಗೂ ಕಿವಿ ಸ್ವಲ್ಪ ಮಂದವೇ ಇರಬೇಕು, ಕೈ ಕಿವಿಗೆ ಒಡ್ಡಿಕೊಂಡರು. ಅವಳು ಗಟ್ಟಿಯಾಗಿ, ಹಾಲಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

'ಕರೆದ್ರು, ಅಜ್ಜಿ. ಆರು ಸಲ ಕರೆದ್ರು. ನಂಗೆ ಕೇಳಿಸ್ತು. ನಾನು ಹೋಗ್ಲಿಲ್ಲ.'